ಕಾಲಡಿಯ ಹೊಳೆ

ಒಂದೇ ಪಾರ್ಕನ್ನು, ಒಂದೇ ದಾರಿಯಲ್ಲಿ, ಒಂದೇ ಕಥೆ ಕೇಳುತ್ತ ಏಳು ಸಲ ಸುತ್ತಿದವಳು ಪಿಟ್ಸ್‌ಬರ್ಗಿನಲ್ಲಿ ನಾನೊಬ್ಬಳೇ ಇರಬೇಕು. ಅದು 2016ರ ಬೇಸಿಗೆ. ಮಗಳ ಬಾಣಂತನಕ್ಕೆಂದು ಹೋಗಿದ್ದೆ. ಮಗುವಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ಅದು ಹಗಲು ನಿದ್ದೆ ಕಲಿಯಿತು, ನಾನು ಗೋಡೆ ನೋಡುವುದನ್ನು ಕಲಿತೆ. ನನ್ನ ಮುಖ ನೋಡಿಯೋ ಏನೋ, ಅಳಿಯಂದಿರು ಒಂದು ಶನಿವಾರ ಬೆಳಿಗ್ಗೆ, "ಇವತ್ತು ಮಗು ನನ್ನ ಜವಾಬ್ದಾರಿ ಅತ್ತೆ, ನೀವು ಹೊರಗೆ ಹೋಗಿ ಬನ್ನಿ" ಎಂದರು. ಹೊರಗೆ ಎಂದರೆ ಎಲ್ಲಿಗೆ ಎಂದು ನಾನು ಕೇಳಿದ್ದಕ್ಕೆ ಮಗಳು ಫೋನಿನಲ್ಲಿ ಹುಡುಕಿ ಹೇಳಿದಳು: ಡೌನ್‌ಟೌನಿನ ತುದಿಯಲ್ಲಿ ಹೊಳೆದಂಡೆಯ ಪಾರ್ಕೊಂದಿದೆ, ಅಲ್ಲಿ ಇತಿಹಾಸ ಹೇಳುತ್ತ ನಡೆಸಿಕೊಂಡು ಹೋಗುತ್ತಾರೆ, ದುಡ್ಡಿಲ್ಲ. ಒಂಬತ್ತು ವರ್ಷದಿಂದ ಆ ಊರಲ್ಲಿದ್ದರೂ ಅವಳು ಅದನ್ನು ನೋಡಿರಲಿಲ್ಲ.

ದುಡ್ಡಿಲ್ಲ ಎಂಬುದೂ ಇತಿಹಾಸ ಎಂಬುದೂ, ಎರಡೂ ನನಗೆ ಹಿಡಿಸಿದವು. ತಿರುಮಕೂಡಲು ನರಸೀಪುರದ ಸುತ್ತಮುತ್ತಲ ಹೈಸ್ಕೂಲುಗಳಲ್ಲಿ ಮೂವತ್ತೊಂದು ವರ್ಷ ಸಮಾಜ ಪಾಠ ಮಾಡಿದವಳು ನಾನು. ವರ್ಷಕ್ಕೊಂದು ಸಲ ಮಕ್ಕಳನ್ನು ಬಸ್ಸಿಗೆ ತುಂಬಿ ತಲಕಾಡಿಗೋ ಶ್ರೀರಂಗಪಟ್ಟಣಕ್ಕೋ ಕರೆದೊಯ್ದು, ಬಿಸಿಲಲ್ಲಿ ನಿಲ್ಲಿಸಿ, ಇಸವಿಗಳನ್ನು ಕೂಗಿ ಕೂಗಿ ಗಂಟಲು ಕೆಡಿಸಿಕೊಂಡವಳು. ಇನ್ನೊಬ್ಬರು ಈ ಕೆಲಸವನ್ನು ಹೇಗೆ ಮಾಡುತ್ತಾರೆಂದು ನೋಡುವ ಕುತೂಹಲ, ಸ್ವಲ್ಪ ತಪ್ಪು ಹಿಡಿಯುವ ಹುಕಿ.

ಮೊದಲ ದಿನ ನಮ್ಮನ್ನು ನಡೆಸಿದವರು ಎಪ್ಪತ್ತು ದಾಟಿದ ಒಬ್ಬ ಯಜಮಾನರು. ಮೊದಲು ಉಕ್ಕಿನ ಕಾರ್ಖಾನೆಯಲ್ಲಿದ್ದರಂತೆ, ಅದು ಮುಚ್ಚಿದ ಮೇಲೆ ಏನೇನೋ ಕೆಲಸ ಮಾಡಿ ಈಗ ಇದು. ಕೆಂಪು ಟೋಪಿ, ಕೈಯಲ್ಲೊಂದು ದಪ್ಪ ಫೈಲು, ಅದರೊಳಗೆ ಪ್ಲಾಸ್ಟಿಕ್ ಹೊದಿಸಿದ ಹಳೆಯ ಫೋಟೊಗಳು. ಡೌನ್‌ಟೌನ್ ಎಂಬುದು ಅವರ ಬಾಯಲ್ಲಿ 'ಡಾನ್‌ಟಾನ್' ಆಗುತ್ತಿತ್ತು. ಗುಂಪನ್ನು ಉದ್ದೇಶಿಸಿ ಅವರು ಮತ್ತೆ ಮತ್ತೆ 'ಯಿಂಜ್' ಎನ್ನುತ್ತಿದ್ದರು. ನಮ್ಮ 'ನೀವೆಲ್ಲ' ಎಂಬುದಕ್ಕೆ ಆ ಊರಿನವರು ಕಟ್ಟಿಕೊಂಡ ಪದ ಅದೆಂದು ಆಮೇಲೆ ಗೊತ್ತಾಯಿತು. ನೀನು, ನೀವು ಎರಡಕ್ಕೂ ಒಂದೇ ಪದವಿರುವ ಭಾಷೆಯನ್ನು ಮೂವತ್ತೊಂದು ವರ್ಷ ಸಹಿಸಿದ್ದ ನನಗೆ ಆ ಪದದ ಮೇಲೆ ಆಗಲೇ ಪ್ರೀತಿ ಹುಟ್ಟಿತು.

ಆ ಪಾರ್ಕಿನ ಹೆಸರು ಪಾಯಿಂಟ್. ಹೆಸರಿಗೆ ತಕ್ಕ ಜಾಗ. ಉತ್ತರದಿಂದ ಅಲಿಗೇನಿ, ದಕ್ಷಿಣದಿಂದ ಮೊನಾಂಗಹೀಲ ಬಂದು ಕೂಡಿ, ಅಲ್ಲಿಂದ ಮುಂದಕ್ಕೆ ಒಹಾಯೊ ಎಂಬ ಹೊಸ ಹೆಸರಿನಲ್ಲಿ ಮಿಸಿಸಿಪ್ಪಿಯ ಕಡೆಗೆ ಹರಿಯುತ್ತವೆ. ನಡುವೆ ಉಳಿದ ನೆಲ ನೇಗಿಲ ಗುಳದ ಹಾಗೆ ಚೂಪಾಗಿದೆ. 36 ಎಕರೆ. ಮೊನಾಂಗಹೀಲವನ್ನು ಊರಿನವರು ಬರೀ 'ಮಾನ್' ಎನ್ನುತ್ತಾರೆ. ಅದರ ನೀರು ಕೆಸರಿನ ಬಣ್ಣ, ಅಲಿಗೇನಿಯದು ಹಸಿರು ಛಾಯೆ. ತುದಿಯಲ್ಲಿ ನಿಂತರೆ ಎರಡೂ ಕೂಡಲೇ ಬೆರೆಯದೆ, ಸ್ವಲ್ಪ ದೂರ ಪಕ್ಕಪಕ್ಕದಲ್ಲಿ ಹೋಗುವುದು ಕಾಣುತ್ತದೆ. ಕಾವೇರಿ–ಕಪಿಲೆಯ ಸಂಗಮದಲ್ಲಿ ಬಟ್ಟೆ ಒಗೆದು ಬೆಳೆದ ನನಗೆ ಆ ನೋಟಕ್ಕೆ ಯಾರ ವಿವರಣೆಯೂ ಬೇಕಿರಲಿಲ್ಲ.

ಆದರೆ ಉಳಿದುದಕ್ಕೆ ಬೇಕಿತ್ತು. ಯಾಕೆಂದರೆ ಅಲ್ಲಿ ನೋಡುವುದಕ್ಕೆ ಏನೂ ಇಲ್ಲ! ಹುಲ್ಲು, ಮರ, ಕಲ್ಲುಹಾಸಿನ ದಾರಿ, ಒಂದು ಕಾರಂಜಿ. ಯಜಮಾನರು ಹುಲ್ಲಿನ ನಡುವೆ ನಿಂತು ಬೆರಳು ತೋರಿಸಿ, "ಇಗೋ ಕೋಟೆಯ ಬಾಗಿಲು" ಎಂದಾಗ ನಾನು ಎರಡು ಸಲ ಕನ್ನಡಕ ಒರೆಸಿಕೊಂಡೆ. ಬಾಗಿ ನೋಡಿದರೆ ಹುಲ್ಲಿನೊಳಗೆ ಗ್ರಾನೈಟ್ ಕಲ್ಲಿನ ಗೆರೆ. 1754ರಲ್ಲಿ ಫ್ರೆಂಚರು ಮರದ ದಿಮ್ಮಿ, ಮಣ್ಣಿನಿಂದ ಕಟ್ಟಿದ ಡುಕೇನ್ ಕೋಟೆಯ ರೇಖೆಯನ್ನು ಹಾಗೆ ನೆಲದ ಮೇಲೆ ಬರೆದಿಟ್ಟಿದ್ದಾರೆ. ದೊಡ್ಡ ಶಾಲೆಯೊಂದರ ಆಟದ ಮೈದಾನದಷ್ಟೂ ಇಲ್ಲ. ಮನೆ ಕಟ್ಟುವ ಮೊದಲು ನಮ್ಮವರು ಸುಣ್ಣದ ಪುಡಿಯಲ್ಲಿ ಪಾಯದ ಗೆರೆ ಎಳೆಯುತ್ತಾರಲ್ಲ, ಹಾಗೆ. ವ್ಯತ್ಯಾಸವೆಂದರೆ ಇಲ್ಲಿ ಮನೆ ಬಿದ್ದುಹೋದ ಮೇಲೆ ಗೆರೆ ಎಳೆದಿದ್ದಾರೆ.

ಆ ಗೆರೆಯ ಮೇಲೆ ನಮ್ಮನ್ನು ಒಂದು ಸುತ್ತು ನಡೆಸಿ ಯಜಮಾನರು ಕಥೆ ಹೇಳಿದರು. 1753ರ ಚಳಿಗಾಲದಲ್ಲಿ ಇಪ್ಪತ್ತೊಂದು ವರ್ಷದ ಜಾರ್ಜ್ ವಾಷಿಂಗ್ಟನ್ ಈ ತುದಿಯನ್ನು ನೋಡಿ, ಎರಡು ನದಿಗಳನ್ನೂ ಹತೋಟಿಯಲ್ಲಿಡಲು ಕೋಟೆಗೆ ಹೇಳಿಮಾಡಿಸಿದ ಜಾಗ ಎಂದು ಬರೆದುಕೊಂಡ. ವಾಪಸು ಬರುವಾಗ ತೆಪ್ಪದಿಂದ ಜಾರಿ ಅಲಿಗೇನಿಯ ಹಿಮನೀರಿಗೆ ಬಿದ್ದ. ಮರುವರ್ಷ ವರ್ಜೀನಿಯಾದವರು ಇಲ್ಲಿ ಕೋಟೆ ಕಟ್ಟಲು ಹೊರಟರೆ ಫ್ರೆಂಚರು ಬಂದು ಓಡಿಸಿ ತಮ್ಮದನ್ನು ಕಟ್ಟಿಕೊಂಡರು. 1755ರಲ್ಲಿ ಅದನ್ನು ಹಿಡಿಯಲು ಬಂದ ಜನರಲ್ ಬ್ರ್ಯಾಡಕ್ ದಾರಿಯಲ್ಲೇ ಸೋತು ಸತ್ತ. ಕೊನೆಗೆ 1758ರ ನವೆಂಬರಿನಲ್ಲಿ ಜನರಲ್ ಫೋರ್ಬ್ಸ್ ದಂಡು ಹತ್ತಿರ ಬಂದಾಗ ಫ್ರೆಂಚರು ತಮ್ಮ ಕೋಟೆಯನ್ನು ತಾವೇ ಸುಟ್ಟು ಹೋದರು. ಇಂಗ್ಲಿಷರು ಅದರ ಪಕ್ಕದಲ್ಲಿ ಅದರ ಹತ್ತು ಪಾಲು ದೊಡ್ಡದೆನ್ನುವಂಥ ಕೋಟೆ ಕಟ್ಟಿ, ತಮ್ಮ ಮಂತ್ರಿ ವಿಲಿಯಂ ಪಿಟ್ಟನ ಹೆಸರಿಟ್ಟರು. ಊರಿಗೂ ಅದೇ ಹೆಸರು ಬಂತು.

ಇಷ್ಟು ಕೇಳುವಾಗ ನನ್ನೊಳಗಿನ ಟೀಚರು ಸುಮ್ಮನಿರಲಿಲ್ಲ. ಇದೇ ಇಬ್ಬರು ಇದೇ ವರ್ಷಗಳಲ್ಲಿ ನಮ್ಮ ಕೋರಮಂಡಲ ಕರಾವಳಿಯಲ್ಲೂ ಹೊಡೆದಾಡುತ್ತಿದ್ದರಲ್ಲ! 1760ರ ವಾಂಡಿವಾಷ್ ಕದನವನ್ನು ನಾನು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿಲ್ಲ. ಆ ಗದ್ದಲದ ನಡುವೆಯೇ ಹೈದರಾಲಿ ಮೈಸೂರಿನಲ್ಲಿ ಮೇಲೆ ಬಂದದ್ದು. ಇನ್ನು ವಾಷಿಂಗ್ಟನ್ನಿಗೆ 1781ರಲ್ಲಿ ಯಾರ್ಕ್‌ಟೌನಿನಲ್ಲಿ ಸೋತ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದು ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡವನು. ಇದನ್ನು ಯಜಮಾನರಿಗೆ ಹೇಳಿದೆ. ನನ್ನ ಇಂಗ್ಲಿಷು ಅವರಿಗೆ ಅರ್ಧ, ಅವರದು ನನಗೆ ಅರ್ಧ ಅರ್ಥವಾಗುವಂಥದ್ದು. ಆದರೂ ಅವರು ನಿಂತು, ಪೆನ್ನು ತೆಗೆದು, ಫೈಲಿನ ಬೆನ್ನ ಮೇಲೆ ಏನೋ ಗೀಚಿಕೊಂಡರು. ಅಂದಿನಿಂದ ನನ್ನನ್ನು 'ಟೀಚರ್' ಎಂದೇ ಕರೆದರು.

ಎರಡನೆಯ ಶನಿವಾರ ಯಾಕೆ ಹೋದೆ ಎಂದರೆ, ಬಸ್ಸಿನ ದಾರಿ ಗೊತ್ತಾಗಿತ್ತು. ಮೂರನೆಯದು, ಅವರು ಕಾಯುತ್ತಾರೇನೋ ಎಂದು. ಪರದೇಶದಲ್ಲಿ ನಮ್ಮನ್ನು ಹೆಸರು ಹಿಡಿದೋ ಕೆಲಸ ಹಿಡಿದೋ ಕರೆಯುವ ಒಬ್ಬರಿದ್ದರೆ ಎಷ್ಟು ದೊಡ್ಡ ವಿಷಯವೆಂದು ಅಲ್ಲಿ ಮೂರು ತಿಂಗಳು ಅಡುಗೆಮನೆಯಲ್ಲಿ ಕಳೆದವರಿಗೆ ಗೊತ್ತು.

ನನಗೆ ಹೆಚ್ಚು ಇಷ್ಟವಾದದ್ದು ಕಾವಲು ಮನೆಯ ಕಥೆ. 1764ರಲ್ಲಿ ಕರ್ನಲ್ ಬುಕೇ ಕಟ್ಟಿಸಿದ ಇಟ್ಟಿಗೆಯ ಪುಟ್ಟ ಕಟ್ಟಡ. ಗೋಡೆಯಲ್ಲಿ ಕೂರಿಸಿದ ಮರದ ತೊಲೆಗಳಲ್ಲಿ ಬಂದೂಕು ತೂರಿಸುವ ಕಂಡಿಗಳು. ಪಿಟ್ ಕೋಟೆಯ ಕಾಲದ್ದೆಂದು ನೆಲದ ಮೇಲೆ ಉಳಿದು ನಿಂತಿರುವ ಕಟ್ಟಡ ಅದೊಂದೇ. ಉಳಿದದ್ದು ಹೇಗೆ? ಕೋಟೆ ಹೋದ ಮೇಲೆ ಯಾರೋ ಅದರಲ್ಲಿ ಸಂಸಾರ ಹೂಡಿದರು. ಒಲೆ ಉರಿಯುವ ಮನೆಯನ್ನು ಕೆಡವುವವರು ಕಡಿಮೆ. ಸುತ್ತ ಗೋದಾಮು, ರೈಲ್ವೆ ಯಾರ್ಡು, ಕೊಳೆಗೇರಿ ಎದ್ದರೂ ಇದು ಬಾಡಿಗೆ ಮನೆಯಾಗಿ ಉಸಿರು ಹಿಡಿದುಕೊಂಡಿತ್ತು. 1894ರಲ್ಲಿ ಜಾಗದ ಒಡತಿ ಮೇರಿ ಶೆನ್ಲೆ ಅದನ್ನು ಮಹಿಳೆಯರ ಸಂಘವೊಂದಕ್ಕೆ ದಾನ ಕೊಟ್ಟಳು. ಆಮೇಲೆ ರೈಲ್ವೆಗೆ ಆ ಜಾಗ ಬೇಕಾಯಿತು. ಕಟ್ಟಡವನ್ನು ಬೇರೆ ಕಡೆ ಎತ್ತಿಡೋಣ ಎಂಬ ಸಲಹೆಯೂ ಬಂತು. ಹೆಂಗಸರು ಜಪ್ಪಯ್ಯ ಎನ್ನಲಿಲ್ಲ, ಕೋರ್ಟು ಹತ್ತಿದರು, ಉಳಿಸಿಕೊಂಡರು. ಇಂದಿಗೂ ಅದು ಅವರ ವಶದಲ್ಲೇ ಇದೆ. ಸರ್ಕಾರದ ಪಾರ್ಕಿನ ನಟ್ಟನಡುವೆ ಹೆಂಗಸರದ್ದೊಂದು ಖಾತೆ! ಯಜಮಾನರು ಇದನ್ನು ಹೇಳುವಾಗ ಪ್ರತಿಸಲವೂ ಒಂದೇ ಜಾಗದಲ್ಲಿ ನಗುತ್ತಿದ್ದರು. ನಾನೂ ಅಷ್ಟೆ, ಪ್ರತಿಸಲವೂ ಅದೇ ಜಾಗದಲ್ಲಿ.

ಫೈಲಿನ ಫೋಟೊಗಳು ಹೊರಬರುತ್ತಿದ್ದುದು ಅದರ ನಂತರ. ಪಾರ್ಕೇ ಇಲ್ಲದ ಪಾಯಿಂಟು: ಹಳಿ, ಗೋದಾಮು, ಹೊಗೆ. ನಡುಹಗಲಲ್ಲಿ ಬೀದಿದೀಪ ಉರಿಯುತ್ತಿರುವ ಒಂದು ಚಿತ್ರ. ಬಿಳಿ ಅಂಗಿ ತೊಟ್ಟು ಆಫೀಸಿಗೆ ಹೋದವರು ಮಧ್ಯಾಹ್ನಕ್ಕೆ ಇನ್ನೊಂದು ಅಂಗಿ ಒಯ್ಯುತ್ತಿದ್ದ ಕಾಲ. 1936ರ ಮಾರ್ಚಿನ ಪ್ರವಾಹದಲ್ಲಿ ಇದೇ ಪಾಯಿಂಟಿನಲ್ಲಿ ನೀರು 46 ಅಡಿಗೆ ಏರಿತ್ತು. 25 ಅಡಿಯಾದರೆ ಅಲ್ಲಿ ಹೊಳೆ ದಡ ಮೀರಿದಂತೆ. 1924ರ ಕಾವೇರಿ ಪ್ರವಾಹವನ್ನು ನಮ್ಮಜ್ಜಿ ಹೇಳುತ್ತಿದ್ದ ರೀತಿಯಲ್ಲೇ ಯಜಮಾನರು ತಮ್ಮ ತಾಯಿಯ ಬಾಯಿಂದ ಕೇಳಿದ್ದನ್ನು ಹೇಳಿದರು. ಎರಡು ಕಥೆಯಲ್ಲೂ ಒಂದು ಹಸು ತೇಲಿಹೋಗುತ್ತದೆ. 1947ರಲ್ಲಿ ಫ್ರಾಂಕ್ ಲಾಯ್ಡ್ ರೈಟ್ ಎಂಬ ಹೆಸರಾಂತ ವಾಸ್ತುಶಿಲ್ಪಿ ಇಲ್ಲಿ ಇಡೀ ಊರನ್ನೇ ಒಳಗಿಡಬಹುದಾದಂಥ ದೈತ್ಯ ದುಂಡು ಕಟ್ಟಡದ ನಕ್ಷೆ ತಂದಿದ್ದ. ಊರಿನವರು ಬೇಡವೆಂದರು. 1950ರಲ್ಲಿ ಹಳೆಯದನ್ನು ಕೆಡವಲು ಶುರುವಾಗಿ, ಪಾರ್ಕು ಮುಗಿದು ಕಾರಂಜಿ ಚಿಮ್ಮಿದ್ದು 1974ರ ಆಗಸ್ಟಿನಲ್ಲಿ. ಇಪ್ಪತ್ತನಾಲ್ಕು ವರ್ಷ! ನಮ್ಮೂರ ಸೇತುವೆ ಕೆಲಸ ತಡವಾಯಿತೆಂದು ಅರ್ಜಿ ಬರೆಯುತ್ತಿದ್ದ ನನ್ನ ಪತಿ ಬದುಕಿದ್ದರೆ ಕೇಳಿ ಸಮಾಧಾನಪಡುತ್ತಿದ್ದರು.

ಸೇತುವೆ ಎಂದಾಗ ನೆನಪಾಯಿತು. ಪಾರ್ಕಿನ ಪಕ್ಕದ ಡುಕೇನ್ ಸೇತುವೆ 1963ರಲ್ಲಿ ಕಟ್ಟಿ ಮುಗಿದಿತ್ತು, ಆಚೆ ದಡದ ರಸ್ತೆ ಮಾತ್ರ ಇರಲಿಲ್ಲ. ಎಲ್ಲಿಗೂ ಹೋಗದ ಸೇತುವೆ ಎಂದು ಜನ ಆಡಿಕೊಂಡರು. 1964ರ ಡಿಸೆಂಬರಿನಲ್ಲಿ ಕಾಲೇಜು ಹುಡುಗನೊಬ್ಬ ಅಡ್ಡಗಟ್ಟೆಗಳನ್ನು ಮುರಿದು ಕಾರು ಹಾರಿಸಿದ, ಆಚೆ ದಡದಲ್ಲಿ ತಲೆಕೆಳಗಾಗಿ ಬಿದ್ದ, ಗಾಯವಿಲ್ಲದೆ ಎದ್ದ. ಗುಂಪಿನಲ್ಲಿ ಮಕ್ಕಳಿದ್ದರೆ ಈ ಕಥೆ ಎರಡು ಸಲ ಹೇಳಬೇಕಾಗುತ್ತಿತ್ತು.

ನಾಲ್ಕನೆಯ ಶನಿವಾರ ಯಜಮಾನರಿಗೆ ಹುಷಾರಿರಲಿಲ್ಲ. ಬದಲಿಗೆ ಬಂದವಳು ಇತಿಹಾಸ ಓದುತ್ತಿದ್ದ ಇಪ್ಪತ್ತೆರಡು, ಇಪ್ಪತ್ಮೂರರ ಹುಡುಗಿ. ಫೈಲಿಲ್ಲ, ಟೋಪಿಯಿಲ್ಲ, ನಗು ಕಡಿಮೆ. ಕಾವಲು ಮನೆಯ ಹತ್ತಿರ ನಮ್ಮನ್ನು ಹುಲ್ಲಿನ ಮೇಲೆ ಕೂರಿಸಿ, ಈ ಮನೆ ಕಟ್ಟುವ ಹಿಂದಿನ ವರ್ಷದ ಕಥೆ ಎತ್ತಿದಳು. 1763ರ ಬೇಸಿಗೆಯಲ್ಲಿ ಮೂಲನಿವಾಸಿಗಳು ಪಿಟ್ ಕೋಟೆಯನ್ನು ಸುತ್ತುವರಿದಿದ್ದರು. ಒಳಗೆ ಸಿಡುಬು ಹಬ್ಬಿತ್ತು. ಜೂನ್ 24ರಂದು ಡೆಲವೇರ್ ಜನರ ಕಡೆಯಿಂದ ಇಬ್ಬರು ಮಾತುಕತೆಗೆ ಬಂದರು. ಕೋಟೆ ಬಿಟ್ಟು ಹೋಗಿ ಎಂದರು. ಇವರು ಒಪ್ಪಲಿಲ್ಲ. ಹೊರಡುವಾಗ ಅವರಿಗೆ ಉಡುಗೊರೆ ಕೊಟ್ಟು ಕಳಿಸಿದರು: ಸಿಡುಬಿನ ಆಸ್ಪತ್ರೆಯಿಂದ ತಂದ ಎರಡು ಕಂಬಳಿ, ಒಂದು ಕರವಸ್ತ್ರ. ತಿಳಿದೇ ಕೊಟ್ಟದ್ದು. ಕೋಟೆಯಲ್ಲಿದ್ದ ವಿಲಿಯಂ ಟ್ರೆಂಟ್ ಎಂಬ ವ್ಯಾಪಾರಿ ಅದನ್ನು ತನ್ನ ದಿನಚರಿಯಲ್ಲಿ, ಫಲ ಕೊಟ್ಟೀತೆಂಬ ಆಸೆಯ ಸಮೇತ ಬರೆದಿಟ್ಟಿದ್ದಾನೆ. ಅದರಿಂದಲೇ ರೋಗ ಹಬ್ಬಿತೋ, ಮೊದಲೇ ಆ ಸೀಮೆಯಲ್ಲಿತ್ತೋ ಎಂದು ವಿದ್ವಾಂಸರು ವಾದಿಸುತ್ತಾರೆ, ಕೊಟ್ಟದ್ದರ ಬಗ್ಗೆ ವಾದವಿಲ್ಲ, ಎಂದಳು.

ನಮ್ಮ ಕಡೆ ಆ ರೋಗಕ್ಕೆ ಹೆಸರು ಹೇಳುತ್ತಿರಲಿಲ್ಲ, 'ಅಮ್ಮ' ಎನ್ನುತ್ತಿದ್ದರು. ನಮ್ಮಜ್ಜಿಯ ಕೆನ್ನೆಯ ಗುಳಿಗಳಲ್ಲಿ ಚಿಕ್ಕಂದಿನಲ್ಲಿ ನಾನು ಬೆರಳಿಟ್ಟು ಆಡಿದ್ದೇನೆ. ಕಂಬಳಿಯ ಮಾತು ಕೇಳಿದಾಗ ನನ್ನ ಬೆರಳಿಗೆ ಆ ಗುಳಿಗಳು ತಾಕಿದವು.

ಬಸ್ಸಿನಲ್ಲಿ ಮನೆಗೆ ಬರುವಾಗ ಲೆಕ್ಕ ಹಾಕಿದೆ. ಯಜಮಾನರು ಮೂರು ವಾರವೂ 1763ನ್ನು ಹಾರಿಸಿಯೇ ಹೇಳಿದ್ದರು. ಮುತ್ತಿಗೆ ಎಂದವರು ಅಲ್ಲಿಂದ ನೇರ ಬುಕೇ ಬಂದು ಗೆದ್ದ, ಕಾವಲು ಮನೆ ಕಟ್ಟಿಸಿದ ಎಂಬಲ್ಲಿಗೆ ಜಿಗಿಯುತ್ತಿದ್ದರು. ಮೊದಲ ಸಲ ಕೇಳುವವರಿಗೆ ಅದು ತಿಳಿಯುವುದಿಲ್ಲ. ಹೊಲಿಗೆ ಅಷ್ಟು ನಯವಾಗಿತ್ತು.

ಮುಂದಿನ ವಾರ ಅವರು ಬಂದಾಗ, ಉಳಿದವರು ಕಾರಂಜಿಯ ಹತ್ತಿರ ಹೋಗಿದ್ದ ಹೊತ್ತು ನೋಡಿ ಕೇಳಿಯೇಬಿಟ್ಟೆ. ಕಂಬಳಿಯ ವಿಚಾರ ನೀವು ಹೇಳುವುದಿಲ್ಲವಲ್ಲ? ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಮಕ್ಕಳಿರುತ್ತಾರೆ ಟೀಚರ್, ಎಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಅದನ್ನು ಹೇಳಿದ ಮೇಲೆ ಜನ ಕಾರಂಜಿಯ ಫೋಟೊ ತೆಗೆಯುವುದಿಲ್ಲ" ಎಂದರು.

ಅದರ ಮುಂದಿನ ವಾರವೂ ಹೇಳಲಿಲ್ಲ.

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ತಲಕಾಡಿನ ನೆನಪು. ಎಂಟನೆಯ ಕ್ಲಾಸಿನ ಮಕ್ಕಳೊಂದಿಗೆ ಹೋಗಿದ್ದಾಗಿನದು. ಚಪ್ಪಲಿ ಬಿಟ್ಟು ಕಾದ ಮರಳಲ್ಲಿ ಕುಣಿಯುತ್ತ ನಡೆದು, ಪಾತಾಳೇಶ್ವರನ ಗುಂಡಿಗೆ ಇಳಿದು ಹತ್ತಿ, ಕೀರ್ತಿನಾರಾಯಣನ ಗುಡಿಯ ಮುಂದೆ ನಿಂತಿದ್ದೆವು. ವಿಷ್ಣುವರ್ಧನ ಚೋಳರನ್ನು ಗೆದ್ದು 1117ರಲ್ಲಿ ಕಟ್ಟಿಸಿದ್ದು ಎಂದು ನಾನು ಕೂಗಿ ಹೇಳಿ, ಪದ್ಧತಿಯಂತೆ ಅಲಮೇಲಮ್ಮನ ಶಾಪಕ್ಕೆ ಬಂದೆ. ಮರಳು ಹೇಗೆ ಬಂತೆಂಬುದಕ್ಕೆ ನಾನು ಕೊಡುತ್ತಿದ್ದ ಕಾರಣ ಅದೊಂದೇ. ಹೊಳೆಗೆ ಅಡ್ಡಲಾಗಿ ಹಿಂದೆ ಕಟ್ಟಿದ ಒಡ್ಡು, ನೀರು ಇಳಿದಾಗ ಬಯಲಾಗುವ ಮರಳದಿಣ್ಣೆ, ಅದನ್ನು ಊರೊಳಗೆ ಹೊತ್ತು ತರುವ ಗಾಳಿ, ಇದೆಲ್ಲ ನಾನು ಓದಿದ್ದೆ. ಹೇಳುತ್ತಿರಲಿಲ್ಲ. ಶಾಪಕ್ಕೆ ಮಕ್ಕಳು ಬಾಯಿ ಬಿಟ್ಟು ಕೇಳುತ್ತಾರೆ, ಒಡ್ಡಿಗೆ ಆಕಳಿಸುತ್ತಾರೆ. ಅವತ್ತು ಒಬ್ಬ ಹುಡುಗಿ ಕೈ ಎತ್ತಿದಳು. "ಮಿಸ್, ಒಬ್ಬಳೇ ಇದ್ದ ಹೆಂಗಸಿನ ಒಡವೆ ಕೇಳೋಕೆ ರಾಜರು ದಂಡು ಯಾಕೆ ಕಳಿಸಿದ್ರು?"

"ನಡಿ ನಡಿ, ಬಸ್ಸು ಹೊರಡತ್ತೆ" ಎಂದಿದ್ದೆ.

ಆ ಹುಡುಗಿಯ ಮುಖ ನೆನಪಿದೆ, ಹೆಸರು ಮರೆತಿದ್ದೇನೆ. ಪಾಯಿಂಟಿನಲ್ಲೂ ಮರಳು ಮುಚ್ಚಿದ ಕಥೆಯೊಂದಿದೆ ಎಂದು ಆಮೇಲೆ ಯಜಮಾನರೇ ತೋರಿಸಿದರು. ಪಿಟ್ ಕೋಟೆಯ ಐದು ಕೊತ್ತಲಗಳಲ್ಲಿ ಒಂದನ್ನು ಹಿಂದೆ ಅಗೆದು, ಪಾಯದ ಗೋಡೆ ಕಾಣುವಂತೆ ಬಿಟ್ಟಿದ್ದರಂತೆ. 2007ರ ಸುಮಾರಿಗೆ ಪಾರ್ಕನ್ನು ಹೊಸದು ಮಾಡುವಾಗ ಅದರ ಮೇಲೆ ಮತ್ತೆ ಮಣ್ಣು ತುಂಬಿ ಹುಲ್ಲು ಹಾಸಿದರು, ಸಭೆ ಸಮಾರಂಭಕ್ಕೆ ಸಮತಟ್ಟಾದ ಜಾಗ ಬೇಕಿತ್ತು. ವಿರೋಧ ಬಂದಿತ್ತು, ನಡೆಯಲಿಲ್ಲ. ಈ ವಿಷಯಕ್ಕೆ ಮಾತ್ರ ಅವರಿಗೆ ಕೆಂಡದಂಥ ಕೋಪ. ಹುಲ್ಲನ್ನು ಶೂಸಿನಲ್ಲಿ ತಟ್ಟಿ ತಟ್ಟಿ ತೋರಿಸಿದರು.

ನಡಿಗೆಯ ಕೊನೆಗೆ ಕಾರಂಜಿ. ಪಾರ್ಕಿನ ನಡುವೆಯೇ ಹೆದ್ದಾರಿಯ ಸೇತುವೆ ಹಾದುಹೋಗುತ್ತದೆ. ಅದರ ತಗ್ಗಾದ ಕಮಾನಿನ ಅಡಿಯಲ್ಲಿ ದಾಟಿದರೆ ಹುಲ್ಲಿನ ಬಯಲು, ಬಯಲಿನಾಚೆ ನದಿಗಳು ಕೂಡುವ ತುದಿಯಲ್ಲಿ 150 ಅಡಿ ಎತ್ತರಕ್ಕೆ ಚಿಮ್ಮುವ ನೀರು ಒಮ್ಮೆಗೇ ಕಣ್ಣಿಗೆ ಬೀಳುತ್ತದೆ. ಯಜಮಾನರು ಕಮಾನಿನ ಅಡಿಯಲ್ಲಿ ಬೇಕೆಂದೇ ಮಾತು ನಿಲ್ಲಿಸುತ್ತಿದ್ದರು. ಕಾರಂಜಿಯ ಹತ್ತಿರ ಹೋದ ಮೇಲೆ ಒಂದು ಪ್ರಶ್ನೆ: ಈ ನೀರು ಯಾವ ನದಿಯದು? ಜನ ಅಲಿಗೇನಿ ಎನ್ನುವರು, ಮಾನ್ ಎನ್ನುವರು. ಎರಡೂ ಅಲ್ಲ. ಹಿಮಯುಗ ಬಿಟ್ಟುಹೋದ ಮರಳು, ನೊರಜುಗಲ್ಲಿನ ಪದರದೊಳಗೆ ನೆಲದಡಿಯಲ್ಲಿ ನಿಂತ ನೀರು ಇದು. ಪಂಪು ಹಚ್ಚಿ ಎತ್ತುತ್ತಾರೆ. ನಿಜವಾಗಿ ನದಿಯಲ್ಲ, ಆದರೆ ಊರಿನವರು ಅದನ್ನು ನಾಲ್ಕನೆಯ ನದಿ ಎಂದೇ ಕರೆಯುತ್ತಾರೆ. "ನೀವೆಲ್ಲ ಈಗ ಅದರ ಮೇಲೆ ನಿಂತಿದ್ದೀರಿ!"

ಆರನೆಯ ವಾರ, ಗುಂಪು ಚದುರಿದ ಮೇಲೆ, ನಮ್ಮೂರ ಸಂಗಮದ ಬಗ್ಗೆ ಅವರಿಗೆ ಹೇಳಿದೆ. ನಮ್ಮೂರಲ್ಲೂ ಎರಡು ನದಿ ಕೂಡುತ್ತವೆ, ಕಾವೇರಿ ಮತ್ತು ಕಪಿಲಾ. ಮೂರನೆಯದು ನೆಲದಡಿಯಲ್ಲಿದೆ, ಸ್ಫಟಿಕ ಸರೋವರ ಎನ್ನುತ್ತಾರೆ, ಕಣ್ಣಿಗೆ ಕಾಣುವುದಿಲ್ಲ. ಮೂರು ವರ್ಷಕ್ಕೊಮ್ಮೆ ಅಲ್ಲಿ ಕುಂಭಮೇಳ ಆಗುತ್ತದೆ. ದಡದಲ್ಲಿ ಗುಂಜಾ ನರಸಿಂಹ ಸ್ವಾಮಿ, ಕೈಯಲ್ಲಿ ಗುಲಗಂಜಿ. ಕಾಶಿಗಿಂತ ನಮ್ಮೂರ ಪುಣ್ಯ ಒಂದು ಗುಲಗಂಜಿ ತೂಕ ಹೆಚ್ಚು ಎನ್ನುವುದಕ್ಕೆ. ಗುಲಗಂಜಿಗೆ ಇಂಗ್ಲಿಷು ತಿಳಿಯದೆ, ಕೆಂಪಗೆ, ಇಷ್ಟೇ ಇಷ್ಟು, ಹಿಂದೆ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದುದು ಎಂದು ಬೆರಳಲ್ಲಿ ತೋರಿಸಿದೆ. ಅವರು ಫೈಲಿನ ಬೆನ್ನ ಮೇಲೆ ಮತ್ತೆ ಗೀಚಿಕೊಂಡರು.

ಏಳನೆಯದು ಕೊನೆಯ ಶನಿವಾರ. ಸೆಪ್ಟೆಂಬರು ಮುಗಿಯುತ್ತಿತ್ತು, ಗಾಳಿಗೆ ಕಾರಂಜಿಯ ಹನಿ ಒಂದು ಕಡೆಗೆ ವಾಲುತ್ತಿತ್ತು. ಬಸ್ಸು ತಡವಾಗಿ ನಾನು ತಲುಪಿದಾಗ ಗುಂಪು ಆಗಲೇ ತುದಿಗೆ ಬಂದಿತ್ತು. ಹಿಂದೆ ನಿಂತೆ. ನಾಲ್ಕನೆಯ ನದಿ ಮುಗಿಸಿ ಯಜಮಾನರು, "ಇಂಡಿಯಾದಲ್ಲಿ ಇಂಥದೇ ಒಂದು ಊರಿದೆ" ಎಂದರು. ನರ್ಸಿಪೋರ್. ಅಲ್ಲೂ ಮೂರು ನದಿ ಕಾಣುತ್ತವೆ, ನಾಲ್ಕನೆಯದು ನೆಲದೊಳಗೆ ಸ್ಫಟಿಕದ ಗುಹೆಯಲ್ಲಿ ಹರಿಯುತ್ತದೆ. ಅದನ್ನು ಸಿಂಹಮುಖದ ದೇವರು ಕಾಯುತ್ತಾನೆ, ಅವನ ಕೈಯಲ್ಲಿ ಒಂದು ಕೆಂಪು ಮಾಣಿಕ್ಯ. ಚಿನ್ನದ ವ್ಯಾಪಾರಿಗಳು ಅದನ್ನು ತೂಗಲು ಬರುತ್ತಾರೆ.

ಎಲ್ಲರೂ ಬಾಯಿ ಬಿಟ್ಟು ಕೇಳಿದರು. ಆಗ ಅವರಿಗೆ ನಾನು ಕಂಡೆ. ಮಾತು ನಿಂತಿತು. ಉತ್ತರ ಹೇಳಿ ಮೇಷ್ಟರ ಮುಖ ನೋಡುವ ಹುಡುಗನ ಹಾಗೆ ಹುಬ್ಬೇರಿಸಿದರು. ನಾನು ಹೂಂ ಎಂದು ತಲೆಯಾಡಿಸಿದೆ.

"ಇವರದೇ ಊರು ಅದು" ಎಂದು ಗುಂಪಿಗೆ ಹೇಳಿದರು. ಮುಂದಿನ ಸಾಲಿನಲ್ಲಿದ್ದ ಒಬ್ಬ ಪುಟ್ಟ ಹುಡುಗ ನನ್ನ ಕಡೆ ತಿರುಗಿದ. ಇಲ್ಲಿ ಪಂಪು ಹಾಕಿ ತೆಗೆದಿದ್ದಾರಲ್ಲ, ನಿಮ್ಮೂರಲ್ಲಿ ಆ ನದಿಯನ್ನು ಯಾರಾದರೂ ಅಗೆದು ನೋಡಿದ್ದಾರಾ, ಎಂದು ಕೇಳಿದ.

ಇಲ್ಲ, ಎಂದೆ.

ಯಾಕೆ, ಎಂದ.

ನನ್ನ ಬಸ್ಸಿಗೆ ಹೊತ್ತಾಗಿತ್ತು.